ದಾದಾ, ಕಾಕಾ, ಮಾಮಾ

ಮೂಡಲಗಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಕಂಡಕ್ಟರನನ್ನು ಕರೆಯುವ ಮೊದಲು ನಾನು ಈಗ ಒಂದು ಗಳಿಗೆ ತಡೆಯುತ್ತೇನೆ. ಬಾಯಿ ತೆರೆದಿರುತ್ತದೆ, ಮಾತು ಹೊರಡುವುದಿಲ್ಲ. ಹೋದ ವಾರ ಹೀಗೇ ತಡೆದು ಕುಳಿತು ನಮ್ಮ ಸ್ಟಾಪು ದಾಟಿಹೋಯಿತು. ಮುಂದೆ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆಯುವಾಗ ನನ್ನ ಹೆಂಡತಿ ಕಸ್ತೂರಿ, "ದಾದಾ, ಗಾಡಿ ನಿಂದರ್ಸ್ರಿ ಅಂದಿದ್ರ ನಿಮ್ಮ ಗಂಟೇನ ಹೋಗತಿತ್ರಿ? ಬಾಯಾಗ ಎಲಿ ಅಡಿಕಿ ಇದ್ದಾಂವನಂಗ ಕುಂತ್ರಿ" ಅಂದಳು. ಆ ಎರಡು ಅಕ್ಷರಕ್ಕೇ ನನ್ನ ನಾಲಿಗೆ ಹೆದರುತ್ತದೆ ಎಂದು ನಡುರಸ್ತೆಯಲ್ಲಿ ಹೆಂಡತಿಗೆ ಹೇಗೆ ಹೇಳುವುದು?

ನಮ್ಮ ಕಡೆ ಯಾರನ್ನೂ ಬರೀ ಹೆಸರಿನಿಂದ ಕರೆಯುವ ರೂಢಿಯಿಲ್ಲ. ಗುರುತಿಲ್ಲದವರನ್ನಂತೂ ಇಲ್ಲವೇ ಇಲ್ಲ. ಕಂಡಕ್ಟರ ದಾದಾ, ಅಂದರೆ ಅಣ್ಣ. ಪೊಲೀಸಪ್ಪ ಮಾಮಾ. ತಲೆ ನರೆತವನು ಕಾಕಾ. ಮರಾಠಿಯಿಂದ ಬಂದವೋ ಎಲ್ಲಿಂದ ಬಂದವೋ, ನಮಗೆ ಇವು ಹಾಲಿನ ಜೊತೆ ಹೊಟ್ಟೆಗೆ ಇಳಿದ ಮಾತುಗಳು. ಮಮದಾಪುರದಲ್ಲಿ ನಮ್ಮ ಅಜ್ಜಿ, ಕುರಿ ಹಿಂಡಿನೊಂದಿಗೆ ಪರವೂರಿಗೆ ಹೊರಟವರಿಗೆಲ್ಲ ಒಂದೇ ಪಾಠ ಹೇಳುತ್ತಿದ್ದಳು: "ಮದಲ ನಂಟಸ್ತನ ಹಚ್ಚ್ರಿ, ಆಮ್ಯಾಲ ನೀರ ಕೇಳ್ರಿ." ಯಾವುದೋ ಊರಿನ ಬಾವಿಯ ಹತ್ತಿರ ನಿಂತು "ಅಕ್ಕಾ" ಅಂದರೆ ಕೊಡ ತಾನಾಗಿ ಬಾಗುತ್ತದೆ ಎಂಬುದು ಅವಳ ಅನುಭವ. ನಾನು ಅದನ್ನು ಐವತ್ತು ವರ್ಷ ನಂಬಿ ನಡೆದೆ. ಎಲ್ಲಿಯೂ ಬಾಯಾರಲಿಲ್ಲ. ಕಿಸುಮು ಎಂಬ ಊರಿಗೆ ಹೋಗುವ ತನಕ.

ಕಿಸುಮು ಕೀನ್ಯಾ ದೇಶದ ಊರು, ದೊಡ್ಡ ಸರೋವರದ ದಂಡೆಯ ಮೇಲಿದೆ. ಅಲ್ಲಿ ನನಗೇನು ಕೆಲಸ ಅಂತೀರಿ? ಸಕ್ಕರೆ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನಿನ ಮೇಲೆ ನಿಲ್ಲುವವನು. ಕಬ್ಬಿನ ರಸ ಕುದಿದು ಹರಳುಗಟ್ಟುವ ದೊಡ್ಡ ಹಂಡೆಗೆ ಪ್ಯಾನು ಅಂತಾರೆ. ಹರಳು ಹದಕ್ಕೆ ಬಂತೋ ಇಲ್ಲವೋ ಎಂದು ಸಾಹೇಬರು ಮೀಟರು ನೋಡಿ ಹೇಳುತ್ತಾರೆ, ನಾನು ಎರಡು ಬೆರಳ ನಡುವೆ ತಿಕ್ಕಿ ಹೇಳುತ್ತೇನೆ. ಇಬ್ಬರ ಲೆಕ್ಕ ಬೇರೆ ಬಂದರೆ ಸಾಹೇಬರು ಮೀಟರನ್ನು ರಿಪೇರಿಗೆ ಕಳಿಸುತ್ತಾರೆ. ಇದು ಬಡಾಯಿ ಅಲ್ಲ. ಇರಲಿ, ಸ್ವಲ್ಪ ಬಡಾಯಿ. ಸಾಲಿ ಏಳನೆಯ ಇಯತ್ತೆಗೆ ಬಿಟ್ಟವನಿಗೆ ಇಷ್ಟಾದರೂ ಬೇಡವೇ?

ಆ ದೇಶದ ಒಂದು ಕಾರ್ಖಾನೆಯಲ್ಲಿ ಹೊಸ ಪ್ಯಾನು ಕೂರಿಸಿದ್ದರು. ಅದನ್ನು ನಡೆಸಿ ತೋರಿಸಲು ನಮ್ಮಿಬ್ಬರನ್ನು ಕಳಿಸಿದರು. ಇನ್ನೊಬ್ಬ ಬಾಳಾಸಾಹೇಬ, ಹುಕ್ಕೇರಿಯವನು, ಫಿಟ್ಟರ. ನನಗಿಂತ ಎಂಟು ವರ್ಷ ಚಿಕ್ಕವನು. ಇಂಗ್ಲಿಷು ಬಲ್ಲ, ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ. ಅವನು ನನ್ನನ್ನು ಭೀಮಪ್ಪಣ್ಣ ಅನ್ನುತ್ತಿದ್ದ. ನಾನು ಮಾತ್ರ ಒಂಬತ್ತು ವರ್ಷದಿಂದ ಅವನನ್ನು "ಏ ಹುಕ್ಕೇರಿ" ಎಂದೇ ಕರೆಯುತ್ತ ಬಂದಿದ್ದೆ. ಕಾರಣ ಇಷ್ಟೇ, ಅವನಿಗೆ ಇಂಗ್ಲಿಷು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ವಿಮಾನ ಹತ್ತುವ ಮೊದಲೇ ಇಬ್ಬರ ಪಾಸ್‌ಪೋರ್ಟನ್ನೂ ನನ್ನ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, "ನಾ ಹಿರ್ಯಾಂವ, ನನ್ನ ಕಡೆ ಇರ್ಲಿ" ಅಂದಿದ್ದೆ. ಅವನು ನಕ್ಕಿದ್ದ.

ನಲವತ್ತು ದಿನ ಕಾರ್ಖಾನೆಯ ಕಾಂಪೌಂಡು ಬಿಟ್ಟು ಹೊರಗೆ ಕಾಲಿಡಲಿಲ್ಲ. ಒಳಗೆ ನಮ್ಮ ಕಡೆಯ ಹಿಂದಿ ಮಾತಾಡುವವರಿದ್ದರು, ಉಳಿದದ್ದಕ್ಕೆ ಬಾಳಾಸಾಹೇಬನ ನಾಲಿಗೆ ಇತ್ತು. ಕೆಲಸ ಮುಗಿದ ಮೇಲೆ ನಮ್ಮನ್ನು ಕಿಸುಮು ಊರಿನ ಒಂದು ಲಾಡ್ಜಿನಲ್ಲಿ ಇಳಿಸಿದರು. ಎರಡು ದಿನ ಅಲ್ಲಿ, ಮೂರನೆಯ ದಿನ ಬೆಳಗ್ಗೆ ವಿಮಾನ.

ಮೊದಲ ದಿನ ಲಾಡ್ಜಿನ ಎದುರಿನ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಊರು ನೋಡಿದೆವು. ಬಾಡಿಗೆಯ ಮೋಟಾರ್‌ಸೈಕಲ್ಲಿನ ಹಿಂದೆ ಒಬ್ಬ ಮನುಷ್ಯ ಆಳೆತ್ತರದ ಕಪಾಟನ್ನು ಬೆನ್ನಿಗೆ ಕಟ್ಟಿಕೊಂಡು ಕುಳಿತು ಹೋದ. ಬೂಟು ಪಾಲಿಶ್ ಮಾಡುವವನು ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೇಲೆ ಕೊಡೆ ಹಿಡಿಸಿ, ಕೈಗೆ ಪೇಪರು ಕೊಡುತ್ತಿದ್ದ. ಹತ್ತು ನಿಮಿಷ ಯಾರು ಬೇಕಾದರೂ ಅಲ್ಲಿ ಊರಗೌಡರಾಗಬಹುದಿತ್ತು. ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು, ಬುಟ್ಟಿಯ ಅಂಚಿನಿಂದ ಮೀನಿನ ಬಾಲ ಹೊರಬಿದ್ದು ನಡಿಗೆಗೆ ತಕ್ಕಂತೆ ಕುಣಿಯುತ್ತಿತ್ತು. ರಸ್ತೆ ಬದಿಯ ಮರಗಳಲ್ಲಿ ಬೋಳು ತಲೆಯ ದೊಡ್ಡ ದೊಡ್ಡ ಕೊಕ್ಕರೆಗಳು, ಸಾಲ ವಸೂಲಿಗೆ ಬಂದವರ ಹಾಗೆ ಗೋಣು ತಗ್ಗಿಸಿ ನಿಂತಿದ್ದವು.

ಇವೆಲ್ಲಕ್ಕಿಂತ ನನಗೆ ಹಿಗ್ಗು ತಂದದ್ದು ಅವರ ಮಾತು. ಚಹಾಕ್ಕೆ ಚಾಯ್ ಅನ್ನುತ್ತಾರೆ. ಸಕ್ಕರೆಗೆ ಸುಕಾರಿ. ಅಂಗಡಿಗೆ ದುಕಾ, ಗಾಡಿಗೆ ಗಾರಿ, ಚಪಾತಿಗೆ ಚಪಾತಿಯೇ. "ಏ ಹುಕ್ಕೇರಿ, ಇದರಾಗ ಕಲ್ಯಾಕ ಏನೈತಿ? ಅರ್ಧಾ ನಮ್ಮದ ಐತಿ" ಅಂದೆ. ಅವನು, "ಉಳದ ಅರ್ಧಾ ನೋಡ್ಕೋ ಅಣ್ಣಾ" ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಅವನು ಸಾಮಾನು ಕಟ್ಟುತ್ತ ಕುಳಿತ. ನಾನು ಸರೋವರ ನೋಡಿ ಬರುತ್ತೇನೆ ಎಂದು ಒಬ್ಬನೇ ಹೊರಟೆ. ಜೊತೆಗೆ ಬರಲೇ ಎಂದು ಕೇಳಿದ. ಬೇಡ, ನನಗೆ ಭಾಷೆ ಬರುತ್ತದೆ ಎಂದೆ. ಫೋನು ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿಯಿತು. ಚೀಲ ಹೆಗಲಲ್ಲಿತ್ತು. ಲಾಡ್ಜಿನಲ್ಲಿ ಇಟ್ಟರೆ ಯಾರಾದರೂ ಒಯ್ದಾರು ಎಂಬ ಭಯ.

ಆ ಊರಲ್ಲಿ ಮತಾಟು ಎಂಬ ಸಣ್ಣ ವ್ಯಾನುಗಳು ಓಡುತ್ತವೆ, ನಮ್ಮ ಟಂಟಂ ಇದ್ದ ಹಾಗೆ. ಹದಿನಾಲ್ಕು ಮಂದಿಯ ಜಾಗದಲ್ಲಿ ಇಪ್ಪತ್ತು ಮಂದಿ, ಒಳಗೆ ಎದೆ ನಡುಗಿಸುವ ಹಾಡು, ಹೊರಗೆ ಮೈತುಂಬ ಚಿತ್ರ. ನಾನು ಹತ್ತಿದ್ದರ ಹಿಂಭಾಗದಲ್ಲಿ ರೆಕ್ಕೆ ಬಿಚ್ಚಿದ ಹದ್ದು ಇತ್ತು. ಬಾಜೂದಲ್ಲಿ ಕುಳಿತ ಹೆಣ್ಣುಮಗಳು ಎರಡು ಗಂಟು ಸಂಭಾಳಿಸಲಾಗದೆ, ನನ್ನನ್ನು ಒಂದು ಮಾತೂ ಕೇಳದೆ, ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ನಮ್ಮ ಟಂಟಂನಲ್ಲಿಯೂ ಹೀಗೇ ಇಡುತ್ತಾರೆ. ಕೂಸಿಗೆ ಅಡ್ಡ ಬರುತ್ತದೆಂದು ಚೀಲವನ್ನು ಹೆಗಲಿನಿಂದ ತೆಗೆದು ಸೀಟಿನ ಕೆಳಗೆ ಇಟ್ಟೆ. ಕೂಸು ನನ್ನ ಮೀಸೆ ಹಿಡಿದು ಜಗ್ಗುತ್ತ ಕುಳಿತಿತು. ನೀರು ಕಾಣುತ್ತಲೇ ಕೂಸನ್ನು ತಾಯಿಗೆ ಕೊಟ್ಟು ಖುಷಿಯಲ್ಲಿ ಇಳಿದುಬಿಟ್ಟೆ. ವ್ಯಾನು ತಿರುವು ದಾಟಿದ ಮೇಲೆ ಹೆಗಲು ಹಗುರಾಗಿದೆ ಅನಿಸಿತು.

ಆ ಹಗುರ ನನಗೆ ಈಗಲೂ ನೆನಪಿದೆ. ಪ್ಯಾನಿನ ವಾಲ್ವು ಕಿತ್ತು ಕುದಿಯುವ ಪಾಕ ಕಾಲಮೇಲೆ ಬಂದ ದಿನವೂ ಹಾಗೆ ಹೆದರಿರಲಿಲ್ಲ. ನಾಳೆ ಬೆಳಗ್ಗೆ ವಿಮಾನ. ಪಾಸ್‌ಪೋರ್ಟು ಇಲ್ಲದೆ ಹತ್ತಿಸುವುದಿಲ್ಲ. ನನ್ನದು ಹೋದರೆ ನನ್ನ ಹಣೆಬರಹ, ಅವನದೂ ಹೋಗಿತ್ತು. ಕೇಳಿ ಇಸಿದುಕೊಂಡವನು ನಾನು.

ಓಡುತ್ತ ನಡೆಯುತ್ತ ಮತಾಟುಗಳ ನಿಲ್ದಾಣಕ್ಕೆ ಬಂದೆ. ನೋಡಿದರೆ ಅಲ್ಲಿ ಐವತ್ತು ವ್ಯಾನು. ನಂಬರು ನೋಡಿರಲಿಲ್ಲ. ಇಂಗ್ಲಿಷ್ ಅಕ್ಷರ ನನ್ನ ಕಣ್ಣಿಗೆ ಬೇಗ ಹತ್ತುವುದಿಲ್ಲ, ಹಾಗಾಗಿ ನೋಡುವುದೇ ಇಲ್ಲ. ಹದ್ದು ಹುಡುಕಿದೆ. ಎರಡು ಹದ್ದು ಸಿಕ್ಕವು, ಎರಡೂ ನನ್ನವಲ್ಲ. ಕೇಳುವುದು ಬಿಟ್ಟು ದಾರಿ ಉಳಿಯಲಿಲ್ಲ. ದಾರಿ ಕೇಳುವುದನ್ನೇ ಅವಮಾನ ಎಂದು ತಿಳಿದವನು ನಾನು, ಬೆಳಗಾವಿಯಲ್ಲೂ ಸುತ್ತು ಹಾಕಿಯೇನು, ಕೇಳೇನಲ್ಲ. ಆದರೂ ಅಜ್ಜಿಯ ಪಾಠ ನೆನೆದು ಹೆಜ್ಜೆ ಹಾಕಿದೆ.

ಬಾಗಿಲಿಗೆ ಜೋತುಬಿದ್ದು ಊರುಗಳ ಹೆಸರು ಕೂಗುತ್ತಿದ್ದ ಒಬ್ಬ ಕಂಡಕ್ಟರ ಎದುರಿಗಿದ್ದ. ಕೆಂಪು ಟೋಪಿ, ಕೊರಳಲ್ಲಿ ಸರಪಳಿ, ತೋಳು ನನ್ನ ತೊಡೆಯಷ್ಟು. ವಯಸ್ಸು ಇಪ್ಪತ್ತೈದು ಇದ್ದೀತು. ಆದರೆ ಕಂಡಕ್ಟರ ಅಂದಮೇಲೆ ದಾದಾ. "ದಾದಾ, ದಾದಾ, ಗಾರಿ, ಬ್ಯಾಗ್" ಎಂದು ಕೈ ಮುಂದೆ ಮಾಡಿದೆ. ಅವನ ಕೂಗು ನಿಂತಿತು. ಸುತ್ತಲಿದ್ದ ಕಂಡಕ್ಟರರು ಹೊಟ್ಟೆ ಹಿಡಿದು ನಕ್ಕರು. ಒಬ್ಬನು ಸೊಂಟ ಬಳುಕಿಸುತ್ತ "ದಾದಾ, ದಾದಾ" ಎಂದು ಅವನ ಗಲ್ಲ ಮುಟ್ಟಲು ಹೋದ. ಕೆಂಪು ಟೋಪಿಯವನು ಅವನ ಕೈ ಕೊಡವಿ, ನನ್ನ ಕಡೆ ನೋಡಿದ ನೋಟ ಇದೆಯಲ್ಲ, ನನ್ನ ಕಾಲು ತಾವಾಗಿ ಎರಡು ಹೆಜ್ಜೆ ಹಿಂದೆ ಬಂದವು. ವ್ಯಾನಿನ ತಗಡಿಗೆ ಒಂದು ಏಟು ಹೊಡೆದು ಅವನು ಬೆನ್ನು ತಿರುಗಿಸಿದ.

ಇವನು ಸೊಕ್ಕಿನವನು, ಮೇಲಿನವರನ್ನೇ ಕೇಳೋಣ ಎಂದುಕೊಂಡೆ. ನಿಲ್ದಾಣದ ನಡುವೆ ಒಬ್ಬ ದಪ್ಪ ಮನುಷ್ಯ ಮೇಜಿನ ಹಿಂದೆ ಕುಳಿತು ಯಾವ ವ್ಯಾನು ಯಾವಾಗ ಹೊರಡಬೇಕೆಂದು ಹೇಳುತ್ತಿದ್ದ. ಸೀಟಿ, ಖಾಕಿ ಅಂಗಿ, ಗತ್ತು. ನನ್ನ ಕಣ್ಣಿಗೆ ತಪ್ಪದೆ ಪೊಲೀಸ ಮಾಮಾ. ಕೈ ಮುಗಿದು, ಇದ್ದ ವಿನಯವನ್ನೆಲ್ಲ ಗಂಟಲಿಗೆ ತಂದು, "ಮಾಮಾ" ಅಂದೆ. ಅವನು ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಮತ್ತೆ "ಮಾಮಾ, ಮಾಮಾ" ಅಂದೆ. ಅವನು ಕುರ್ಚಿಯಿಂದ ಎದ್ದ.

ಆಗ ಮಂದಿ ಸುತ್ತುಗಟ್ಟಿತು. ಯಮಕನಮರಡಿ ಹೈವೇದ ನಡುವೆ ಹಿಂಡು ತಪ್ಪಿಸಿಕೊಂಡ ಕುರಿಯನ್ನು ನೋಡಿದ್ದೀರಾ? ಆ ಕಡೆ ಲಾರಿ, ಈ ಕಡೆ ಲಾರಿ, ಕುರಿ ನಿಂತಲ್ಲೇ ತಿರುಗುತ್ತದೆ. ಹಾಗೆ ತಿರುಗಿದೆ. ಎಲ್ಲರೂ ಒಂದೇ ಸಲ ಏನೋ ಕೇಳುತ್ತಿದ್ದರು. ನಾನು ಎಷ್ಟು ಮರ್ಯಾದೆ ಕೊಟ್ಟು ಕರೆದರೆ ಅಷ್ಟು ಮಾತು ಕೆಡುತ್ತಿತ್ತು. ಒಬ್ಬನು ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡಿದ. ಹುಟ್ಟಿದಾಗಿನಿಂದ ಸೆರೆಯ ಬಾಟಲಿ ಮುಟ್ಟದ ನನ್ನ ಬಾಯಿ! ಬೇರೆ ದಿನವಾಗಿದ್ದರೆ ಅವನ ಕಪಾಳಕ್ಕೆ ಕೈ ಹೋಗುತ್ತಿತ್ತು. ಅಂದು ಬಾಯಿ ತೆರೆದು ತೋರಿಸಿದೆ. ಕುಡಿದಿಲ್ಲ ಎಂದು ಅವನು ಉಳಿದವರಿಗೆ ಹೇಳಿರಬೇಕು. ಹುಚ್ಚ ಎಂದು ತೀರ್ಮಾನಿಸಿ ಒಬ್ಬೊಬ್ಬರೇ ಚದುರಿದರು. ದಪ್ಪ ಮನುಷ್ಯ ರಸ್ತೆಯ ಕಡೆ ಬೆರಳು ತೋರಿಸಿ ಕುಳಿತ.

ರಸ್ತೆಯ ಅಂಚಿನಲ್ಲಿ ಕೊಡೆಯ ಕೆಳಗೆ ಒಬ್ಬ ಮುದುಕಿ ಚಹಾ, ಚಪಾತಿ ಮಾರುತ್ತಿದ್ದಳು. ಅವಳ ಬಾಜೂದ ಕಲ್ಲಿನ ಮೇಲೆ ಕುಸಿದು ಕುಳಿತೆ. ನೆರಳು ಉದ್ದವಾಗತೊಡಗಿದ್ದವು. ಬಾಳಾಸಾಹೇಬನಿಗೆ ಏನು ಹೇಳಲಿ? ಕಳ್ಳರು ಕಿತ್ತುಕೊಂಡರು ಎನ್ನಲೇ? ಇಬ್ಬರು ಕಳ್ಳರು ಎನ್ನಲೇ, ಮೂವರೇ? ಸುಳ್ಳನ್ನೂ ನಾನು ಮರ್ಯಾದೆ ಉಳಿಯುವ ಅಳತೆಗೆ ಹೊಲಿಯುತ್ತಿದ್ದೆ. ಅಷ್ಟರಲ್ಲಿ ಇಬ್ಬರು ಡ್ರೈವರರು ಬಂದು ಮುದುಕಿಗೆ "ಮಾಮಾ, ಚಾಯ್" ಅಂದರು.

ನನ್ನ ಕಿವಿ ನೆಟ್ಟಗಾಯಿತು. ಮುದುಕಿಯನ್ನು ಮಾಮಾ ಅನ್ನುತ್ತಾರೆಯೇ?

ಅವರು ಹೋದ ಮೇಲೆ ನಾನು ಅವಳ ಕಡೆ ಬೆರಳು ಮಾಡಿ, ಅನುಮಾನದಿಂದ "ಮಾಮಾ?" ಅಂದೆ. ಅವಳು ಹೌದೆಂದು ಎದೆ ಮುಟ್ಟಿಕೊಂಡಳು. ದಪ್ಪ ಮನುಷ್ಯನ ಕಡೆ ಬೆರಳು ಮಾಡಿ "ಮಾಮಾ?" ಅಂದೆ. ಅವಳ ಕೈಯಲ್ಲಿನ ಚಹಾ ತುಳುಕಿತು. ಅವಳು ಸೆರಗಿನಂತಹ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ಮುಗಿಸಿ, ಸಾಲಿಯ ಮಾಸ್ತರರ ಹಾಗೆ ಪಾಠ ಸುರುಮಾಡಿದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ ತಾಯಿಯನ್ನು ತೋರಿಸಿ, ಮಾಮಾ. ಲಂಗ ತೊಟ್ಟು ಕಾಲೇಜಿಗೆ ಹೋಗಿ ಬರುತ್ತಿದ್ದ ಹುಡುಗಿಯನ್ನು ತೋರಿಸಿ, ದಾದಾ. ಕೆಂಪು ಟೋಪಿಯವನನ್ನು ತೋರಿಸಿ, ಕಾಕಾ.

ನಾನು ಗಲ್ಲಕ್ಕೆ ಕೈ ಹಚ್ಚಿ ಕುಳಿತೆ. ಅವರಲ್ಲಿ ಮಾಮಾ ಎಂದರೆ ತಾಯಿ. ದಾದಾ ಎಂದರೆ ಅಕ್ಕ. ಕಾಕಾ ಎಂದರೆ ಅಣ್ಣ. ಸರಪಳಿ ಹಾಕಿದ ಜಟ್ಟಿಯನ್ನು ಅವನ ಗೆಳೆಯರೆಲ್ಲರ ಮುಂದೆ ಅಕ್ಕಾ ಅಕ್ಕಾ ಎಂದು ಕರೆದಿದ್ದೆ. ಸೀಟಿ ಹಾಕಿದ ಸಾಹೇಬನಿಗೆ ಕೈ ಮುಗಿದು ಅವ್ವಾ ಎಂದಿದ್ದೆ.

ತಪ್ಪಾಯಿತು ಎನ್ನಲು ಏನನ್ನಬೇಕು ಎಂದು ಕೈ ಜೋಡಿಸಿ ತೋರಿಸಿ ಕೇಳಿದೆ. ಸಮಹಾನಿ ಅಂದಳು. ಎರಡು ಸಲ ಹೇಳಿಸಿದಳು. ನನ್ನ ಕಿವಿಗೆ ಅದು ಸಮ, ಹಾನಿ ಎಂದು ಕೇಳಿಸಿತು. ಲೆಕ್ಕ ಸರಿಯಾಗಿಯೇ ಇತ್ತು, ಅವನ ಮಾನವೂ ಹೋಗಿತ್ತು, ನನ್ನದೂ.

ಎದ್ದು ನಾಲ್ಕು ಹೆಜ್ಜೆ ಇಟ್ಟವನು ನಿಂತೆ. ಈಗ ಆ ಹುಡುಗನನ್ನು ಕಾಕಾ ಅನ್ನಬೇಕು. ನನ್ನ ಮಗನ ವಯಸ್ಸಿನವನನ್ನು.

ನಿಮಗೆ ಇದು ಸಣ್ಣ ಮಾತು ಅನಿಸಬಹುದು. ನನಗೆ ಕಾಕಾ ಎಂದರೆ ಒಬ್ಬನೇ, ನಮ್ಮಪ್ಪನ ತಮ್ಮ ಲಕ್ಕಪ್ಪ. ಅಪ್ಪ ಇಲ್ಲದ ನನ್ನನ್ನು ಸಾಕಿದವನು. ಏಳನೆಯ ಇಯತ್ತೆಯಲ್ಲಿ ನಾನು ಮಾಸ್ತರಿಗೆ ಎದುರು ಉತ್ತರ ಕೊಟ್ಟೆನೆಂದು ಅವನನ್ನು ಸಾಲಿಗೆ ಕರೆಸಿದರು. ಕಾಕಾ ಕುರಿ ಬಿಟ್ಟು ಬಂದು, ಬಾಗಿಲ ಹೊರಗೆ ಕೆರವು ಬಿಟ್ಟು, ಕಂಬಳಿ ಮಡಚಿ ಕಂಕುಳಲ್ಲಿಟ್ಟು ನಿಂತ. ಮಾಸ್ತರು ಒಳಗಿನಿಂದಲೇ "ಏ ಲಕ್ಕ್ಯಾ, ಇತ್ತ ಬಾ" ಅಂದರು. ಹುಡುಗರು ನಕ್ಕರು. ಕಾಕಾ "ಬಂದ್ನಿರಿ" ಎಂದು ಒಳಗೆ ಬಂದ. ನಾನು ಪಾಟಿಯನ್ನು ಅಲ್ಲೇ ಇಟ್ಟು ಹೊರಗೆ ನಡೆದೆ. ಮತ್ತೆ ಹೋಗಲಿಲ್ಲ. ಬಡತನಕ್ಕೆ ಸಾಲಿ ಬಿಟ್ಟ ಎಂದು ಮಂದಿ ತಿಳಿದಿದ್ದಾರೆ. ನಾನೂ ತಿದ್ದಲಿಲ್ಲ. ಬಿಟ್ಟದ್ದು ಒಂದು ಕರೆಯುವ ರೀತಿಗೆ.

ಕೆಂಪು ಟೋಪಿಯವನ ಬೆನ್ನು ನೋಡುತ್ತ ಅದೇ ನೆನಪಾಯಿತು. ಅಂದು ಲಕ್ಕಪ್ಪ ಕಾಕಾನಿಗೆ ಹುಡುಗರ ಮುಂದೆ ಆದದ್ದೇ ಇಂದು ಇವನಿಗೆ ಗೆಳೆಯರ ಮುಂದೆ ಆಗಿತ್ತು, ಮಾಡಿದವನು ನಾನು. ಹೋಗಿ ಅವನ ಎದುರಿಗೆ ನಿಂತೆ. ಗೆಳೆಯರು ಮತ್ತೆ ನಗಲು ಬಾಯಿ ಸಜ್ಜು ಮಾಡಿಕೊಂಡರು. ಅವನ ದವಡೆ ಬಿಗಿದಿತ್ತು.

"ಸಮಹಾನಿ, ಕಾಕಾ" ಅಂದೆ.

ಯಾರೂ ನಗಲಿಲ್ಲ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಹಿಂದೆ ಮುದುಕಿ ಕೊಡೆಯ ಕೆಳಗಿನಿಂದಲೇ ಕೂಗಿ ಕೂಗಿ ಎಲ್ಲವನ್ನೂ ಅವನಿಗೆ ಹೇಳುತ್ತಿದ್ದಳು, ಅವಳ ಮಾತಿನಲ್ಲಿ ನಮ್ಮ ದಾದಾ ಮಾಮಾ ಎಲ್ಲ ಬಂದುಹೋದವು. ಅವನ ದವಡೆ ಸಡಿಲಾಯಿತು. ನಾನು ಕೈಗಳನ್ನು ಅಗಲ ಮಾಡಿ ಹದ್ದಿನ ರೆಕ್ಕೆ ಬಡಿದು ತೋರಿಸಿದೆ, ಹೆಗಲ ಚೀಲ ತೋರಿಸಿದೆ, ತೊಡೆಯ ಮೇಲೆ ಕೂಸು ತೋರಿಸಿದೆ. ಐವತ್ತೆರಡು ವರ್ಷದ ಗಂಡಸು ನಡುರಸ್ತೆಯಲ್ಲಿ ಹದ್ದಾದೆ. ಅವನಿಗೆ ತಿಳಿಯಿತು. ಜೇಬಿನಿಂದ ಫೋನು ತೆಗೆದು ಒಬ್ಬರಿಗೆ, ಮತ್ತೊಬ್ಬರಿಗೆ ಮಾಡಿದ. ಮೂರನೆಯ ಫೋನಿಗೆ ತಲೆಯಾಡಿಸಿ, ನನ್ನ ಹೆಗಲು ಹಿಡಿದು ಮುದುಕಿಯ ಕಲ್ಲಿನ ಮೇಲೆ ಕೂರಿಸಿದ.

ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಕೇಳಲು ಮಾತಿಲ್ಲ. ಒಂದು ತಾಸು ಕಾದೆ. ಬರುವ ಪ್ರತಿ ವ್ಯಾನಿನ ಬೆನ್ನು ನೋಡಿದೆ. ಸಿಂಹ ಬಂತು, ಚೆಂಡಾಟದವನು ಬಂದ, ಹಲ್ಲು ಕಿರಿದ ಹೆಣ್ಣು ಬಂದಳು. ಬಿಸಿಲು ತಗಡಿನ ಮೇಲಿಂದ ಇಳಿದು ಮರದ ಬುಡಕ್ಕೆ ಬಂತು. ಕೊನೆಗೆ ಹದ್ದು ಬಂತು. ಕಿಟಕಿಯಿಂದ ಒಂದು ಕೈ ನನ್ನ ಚೀಲವನ್ನು ಹೊರಗೆ ಚಾಚಿತು.

ಹಾರಿ ಹಿಡಿಯಲು ಹೋದೆ. ದಪ್ಪ ಮನುಷ್ಯ ನಡುವೆ ಬಂದು ಚೀಲ ತೆಗೆದುಕೊಂಡ. ಮೇಜಿನ ಮೇಲೆ ಬಿಚ್ಚಿದ. ನನ್ನ ಪಾಸ್‌ಪೋರ್ಟು ತೆಗೆದು ಫೋಟೋ ನೋಡಿ, ಮುಖ ನೋಡಿ, ಸರಿ ಎಂದು ಬದಿಗಿಟ್ಟ. ಆಮೇಲೆ ಎರಡನೆಯದು ತೆಗೆದ. ಬೆಳ್ಳಗಿನ ಮುಖ, ಕನ್ನಡಕ, ನುಣ್ಣಗಿನ ಕೆನ್ನೆ. ನನ್ನ ಕರಿ ಮುಖವನ್ನೂ ಮೀಸೆಯನ್ನೂ ಅದನ್ನೂ ಹೋಲಿಸಿದ. ಅವನ ಹುಬ್ಬು ಗಂಟಾಯಿತು. ಬೇರೆಯವರ ಪಾಸ್‌ಪೋರ್ಟು ನಿನ್ನ ಚೀಲದಲ್ಲಿ ಯಾಕೆ, ಇವನು ನಿನಗೆ ಏನಾಗಬೇಕು ಎಂದು ಕೇಳುತ್ತಿದ್ದಾನೆಂದು ಭಾಷೆ ಇಲ್ಲದೆಯೂ ತಿಳಿಯಿತು. ಸುತ್ತಲಿನ ಮಂದಿ ಮತ್ತೆ ಹತ್ತಿರ ಸರಿಯಿತು. ಪಾಸ್‌ಪೋರ್ಟನ್ನು ಅವನು ಜೇಬಿಗೆ ಹಾಕಿಕೊಳ್ಳುವಂತೆ ಕಂಡಿತು.

ಏನಾಗಬೇಕು? ಜೊತೆಗಾರ ಎನ್ನಲು ಅವರ ಮಾತು ಬಾರದು. ಹುಕ್ಕೇರಿ ಎಂದರೆ ಇಲ್ಲಿ ಯಾರಿಗೆ ಗೊತ್ತು? ಒಂಬತ್ತು ವರ್ಷ ಅವನನ್ನು ಊರಿನ ಹೆಸರಿನಿಂದ ಕರೆದವನ ಬಾಯಲ್ಲಿ, ಆ ಹೊತ್ತಿಗೆ ಇದ್ದದ್ದು ಒಂದೇ ಮಾತು.

"ಕಾಕಾ" ಅಂದೆ. ಎದೆ ಮುಟ್ಟಿಕೊಂಡು ಇನ್ನೊಮ್ಮೆ ಅಂದೆ.

ದಪ್ಪ ಮನುಷ್ಯ ಫೋಟೋವನ್ನು ಮತ್ತೆ ನೋಡಿದ. ಯಾವ ಕಡೆಯಿಂದಲೂ ನಾವು ಅಣ್ಣ ತಮ್ಮಂದಿರಂತೆ ಇರಲಿಲ್ಲ. ಕೆಂಪು ಟೋಪಿಯವನು ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ದಪ್ಪ ಮನುಷ್ಯನ ಹೊಟ್ಟೆ ಕುಲುಕತೊಡಗಿತು. ಎರಡೂ ಪಾಸ್‌ಪೋರ್ಟು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ತನ್ನ ಎದೆ ತಟ್ಟಿಕೊಂಡು ಗಂಭೀರವಾಗಿ "ಮಾಮಾ" ಅಂದ. ನಿಲ್ದಾಣವೇ ನಕ್ಕಿತು. ನಾನು ಬಗ್ಗಿ ಅವನ ಕಾಲು ಮುಟ್ಟಲು ಹೋದೆ, ತಾಯಿ ಅಂದಮೇಲೆ ಮುಟ್ಟಬೇಕಲ್ಲ. ಅವನು ಗಾಬರಿಯಾಗಿ ಕುರ್ಚಿ ಸಮೇತ ಹಿಂದೆ ಸರಿದ.

ಲಾಡ್ಜಿಗೆ ಬಂದಾಗ ಸರೋವರದ ಆಚೆ ಹೊತ್ತು ಆಗಷ್ಟೇ ಮುಳುಗಿತ್ತು, ಆಕಾಶ ಇನ್ನೂ ಕೆಂಪಗಿತ್ತು. ಮೆಟ್ಟಿಲು ಹತ್ತುವಾಗ ಒಂದು ಮಾತು ಹೊಲಿದುಕೊಂಡಿದ್ದೆ: ಬಜಾರು ದೊಡ್ಡದಿತ್ತು, ನೋಡುತ್ತ ತಡವಾಯಿತು. ಚೀಲ ಹೆಗಲಲ್ಲಿದೆ. ಕೇಳುವವರು ಯಾರು?

ಬಾಳಾಸಾಹೇಬ ಬಾಗಿಲು ತೆರೆದ. ಒಳಗೆ ಮೇಜಿನ ಮೇಲೆ ಎರಡು ತಾಟುಗಳನ್ನು ಪೇಪರಿನಿಂದ ಮುಚ್ಚಿಟ್ಟಿದ್ದ. ಅನ್ನ, ಬೇಳೆ, ಊರಿನಿಂದ ತಂದ ಶೇಂಗಾ ಚಟ್ನಿ. ಎರಡೂ ಮುಟ್ಟದೆ ಇದ್ದವು.

"ನೀ ಯಾಕ ಉಂಡಿಲ್ಲ?" ಅಂದೆ.

"ಒಬ್ಬಾಂವನ ಹೆಂಗ ಉಣ್ಲಿ? ಈಗ ಬರ್ತಿ, ಈಗ ಬರ್ತಿ ಅಂತ ಕುಂತ್ನಿ" ಅಂದ.

ಅವನು ಜೈನರ ಮನೆಯವನು. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವವನಲ್ಲ. ನಲವತ್ತು ದಿನ ಕಾರ್ಖಾನೆಯ ಗದ್ದಲದಲ್ಲೂ ಅದೊಂದನ್ನು ತಪ್ಪಿಸಿರಲಿಲ್ಲ. ಹೊಲಿದುಕೊಂಡು ಬಂದ ಮಾತು ನನ್ನ ಬಾಯಲ್ಲೇ ಬಿಚ್ಚಿಹೋಯಿತು. ಕೂಸು, ಹದ್ದು, ಅಕ್ಕ, ಅವ್ವ, ಎಲ್ಲವನ್ನೂ ಹೇಳಿದೆ. ಬಾಯಿಯ ವಾಸನೆ ನೋಡಿದ್ದನ್ನೂ ಬಿಡಲಿಲ್ಲ. ಅವನು ನಗಲಿಲ್ಲ. ಕೈ ಚಾಚಿದ. ನಾನು ಚೀಲದಿಂದ ಎರಡೂ ಪಾಸ್‌ಪೋರ್ಟು ತೆಗೆದು ಕೊಟ್ಟೆ. ಅವನು ಒಳಜೇಬಿಗೆ ಹಾಕಿ ಗುಂಡಿ ಹಚ್ಚಿದ.

"ಇವತ್ತ ನಾನೂ ಉಣ್ಣಾಂಗಿಲ್ಲ ತಮ್ಮಾ" ಅಂದೆ.

ತಮ್ಮಾ ಎಂದದ್ದಕ್ಕೆ ಅವನು ತಲೆ ಎತ್ತಿ ನೋಡಿದ. ಆಮೇಲೆ ಒಂದು ತಾಟಿನ ಪೇಪರು ತೆಗೆದು ನನ್ನ ಮುಂದೆ ಇಟ್ಟ. ಇನ್ನೊಂದರ ಪೇಪರನ್ನೂ ತೆಗೆದು, ಅದನ್ನೂ ನನ್ನ ಮುಂದೆಯೇ ಸರಿಸಿದ.

"ಅನ್ನ ಚೆಲ್ಲಬಾರದ. ಎರಡೂ ನೀನ ಉಣ್ಣು."

ಉಂಡೆ. ಮೊದಲನೆಯ ತಾಟು ಹಸಿವೆಗೆ ಹೋಯಿತು. ಎರಡನೆಯದು ಇಳಿಯಲಿಲ್ಲ, ನೀರು ಕುಡಿದು ಇಳಿ‌ಸಿದೆ. ಕೊನೆಯ ಅಗುಳು ಮುಗಿಯುವ ತನಕ ಅವನು ಎದುರಿಗೇ ಕುಳಿತಿದ್ದ.